ವಕಾಲತ್ತಿಗೆ ಸಹಿ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಸಿವಿಲ್ ನ್ಯಾಯಾಲಯಗಳ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿ, ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಕಚೇರಿಯ ಕಿಟಕಿಗೆ ಬಂದು ನಿಲ್ಲುವವರಲ್ಲಿ ಹೆಚ್ಚಿನವರು ತಮ್ಮ ಕೇಸು ಏನಾಯಿತೆಂದು ತಿಳಿಯದ ಕಕ್ಷಿದಾರರೇ ಆಗಿರುತ್ತಾರೆ. ಸಾಮಾನ್ಯ ಮನೆತನವೊಂದು ನ್ಯಾಯಾಲಯದ ಮೆಟ್ಟಿಲು ಹತ್ತುವುದು ಸಂಸಾರದ ವ್ಯಾಜ್ಯಕ್ಕೆ, ಅಪಘಾತದ ಪರಿಹಾರಕ್ಕೆ, ಇಲ್ಲವೇ ತೀರಿಕೊಂಡವರ ಆಸ್ತಿಗೆ. ಈ ಮೂರರಲ್ಲೂ ವಕೀಲರನ್ನು ಗೊತ್ತುಮಾಡುವುದು ಮನುಷ್ಯನ ಬುದ್ಧಿ ಅತ್ಯಂತ ಕದಡಿರುವ ವಾರದಲ್ಲಿ. ಆ ವಾರ ವಕಾಲತ್ತಿಗೆ, ಅಂದರೆ ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಹಾಕಿದ ಒಂದು ಸಹಿ ಮುಂದೆ ಹತ್ತು ವರ್ಷ ಬೆನ್ನಿಗೆ ಬರುತ್ತದೆ. ಅದರ ಬಗ್ಗೆ ಕೆಲವು ಮಾತು ಬರೆಯಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಒಂದು ಮಧ್ಯಾಹ್ನ ಕಿಟಕಿಗೆ ಬಂದ ಹೆಣ್ಣುಮಗಳೊಬ್ಬಳು ಇಂದಿಗೂ ಕಣ್ಣಿಗೆ ಕಟ್ಟಿದಂತಿದ್ದಾಳೆ. ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಎಫ್‌ಐಆರ್ ನಕಲು, ಮರಣೋತ್ತರ ಪರೀಕ್ಷೆಯ ವರದಿ, ಪಡಿತರ ಚೀಟಿಯ ಜೆರಾಕ್ಸ್, ಅಂಚು ಮಡಚಿಹೋದ ಒಂದು ವಿಸಿಟಿಂಗ್ ಕಾರ್ಡು. ಕೇಸಿನ ನಂಬರು ಕೇಳಿದೆ, ಗೊತ್ತಿರಲಿಲ್ಲ. ವಕೀಲರ ಹೆಸರು ಕೇಳಿದೆ, ಕಾರ್ಡು ತೋರಿಸಿದಳು. ಅದರಲ್ಲಿದ್ದ ಹೆಸರು ವಕೀಲರದ್ದಾಗಿರಲಿಲ್ಲ, ಆಸ್ಪತ್ರೆಯಲ್ಲಿ ಅವಳನ್ನು ಭೇಟಿ ಮಾಡಿದ ಮಧ್ಯವರ್ತಿಯದ್ದಾಗಿತ್ತು. ಹೆಣವನ್ನು ಇನ್ನೂ ಒಪ್ಪಿಸಿರಲಿಲ್ಲವಂತೆ. ಅವನು ಬಂದು, “ಒಂದು ರೂಪಾಯಿ ಕೊಡುವುದು ಬೇಡಮ್ಮ, ದುಡ್ಡು ಬಂದಾಗ ನಮ್ಮ ಪಾಲು ನಾವು ತಗೋತೀವಿ” ಎಂದು ಹೇಳಿ ಎಂಟು ಕಾಗದಗಳಿಗೆ ಸಹಿ ಮಾಡಿಸಿಕೊಂಡಿದ್ದ. ಅವುಗಳಲ್ಲಿ ನಾಲ್ಕು ಖಾಲಿ ಹಾಳೆಗಳು. ರಿಜಿಸ್ಟರಿನಲ್ಲಿ ಮೃತನ ಹೆಸರು, ಅಪಘಾತದ ತಾರೀಖು ಹಿಡಿದು ಹುಡುಕಿದಾಗ ಅರ್ಜಿ ಸಿಕ್ಕಿತು. ಅರ್ಜಿದಾರರೂ ಅವರ ವಕೀಲರೂ ಸತತವಾಗಿ ಗೈರುಹಾಜರಾದ ಕಾರಣ ಅದು ಎಂಟು ತಿಂಗಳ ಹಿಂದೆಯೇ ವಜಾ ಆಗಿತ್ತು. ವಕಾಲತ್ತು ಹಾಕಿದ್ದ ವಕೀಲರು ಬೇರೊಂದು ಜಿಲ್ಲೆಯವರು. ಅವರ ಮುಖವನ್ನು ಆಕೆ ಒಮ್ಮೆಯೂ ನೋಡಿರಲಿಲ್ಲ.

ವಜಾ ಆದ ಅರ್ಜಿಯನ್ನು ಮತ್ತೆ ಕಡತಕ್ಕೆ ತರಿಸಲು ಒಂದು ಅರ್ಜಿ, ತಡವಾದುದನ್ನು ಮನ್ನಿಸಲು ಇನ್ನೊಂದು ಅರ್ಜಿ ಹಾಕುವ ದಾರಿ ಇದೆ. ಅದೇ ಊರಿನ ಕಿರಿಯ ವಕೀಲೆಯೊಬ್ಬರು ಅದನ್ನು ಮಾಡಿದರು, ಪರಿಹಾರವೂ ಕೊನೆಗೆ ಬಂತು. ಆದರೆ ಒಂದು ವಿಳಾಸ ಮತ್ತು ಒಂದು ನಂಬರು ಕೈಯಲ್ಲಿದ್ದಿದ್ದರೆ ನಡೆಯಬೇಕಿಲ್ಲದಿದ್ದ ಮೂರು ವರ್ಷಗಳ ಅಲೆದಾಟ ಅದು.

ಇಂಥ ವ್ಯಾಜ್ಯಗಳಿಗೆ ಸ್ಥಳೀಯ ವಕೀಲರೇ ಒಳ್ಳೆಯದು ಎಂದು ನಾನು ಹೇಳುವುದಕ್ಕೆ ಊರಭಿಮಾನ ಕಾರಣವಲ್ಲ. ಕಾನೂನೇ ಈ ವ್ಯಾಜ್ಯಗಳನ್ನು ಮನೆಯ ಹತ್ತಿರದ ನ್ಯಾಯಾಲಯಕ್ಕೆ ಕಟ್ಟಿಹಾಕಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಮಿನ ಪ್ರಕಾರ ಜಮೀನು, ಮನೆಗಳ ಪಾಲಿನ ದಾವೆಯನ್ನು ಆ ಸ್ವತ್ತು ಎಲ್ಲಿದೆಯೋ ಅಲ್ಲಿನ ನ್ಯಾಯಾಲಯದಲ್ಲೇ ಹೂಡಬೇಕು. 1955ರ ಹಿಂದೂ ವಿವಾಹ ಕಾಯ್ದೆಯ 19ನೇ ಕಲಮು ಮದುವೆ ನಡೆದ ಸ್ಥಳ, ದಂಪತಿ ಕೊನೆಯದಾಗಿ ಒಟ್ಟಿಗೆ ಬಾಳಿದ ಸ್ಥಳ, ಎದುರುದಾರರು ವಾಸವಿರುವ ಸ್ಥಳಗಳನ್ನು ಹೇಳುತ್ತದೆ. 2003ರ ತಿದ್ದುಪಡಿಯ ನಂತರ ಹೆಂಡತಿ ತಾನು ವಾಸವಿರುವ ಊರಿನಲ್ಲೇ ಅರ್ಜಿ ಸಲ್ಲಿಸಬಹುದಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಅಪಘಾತ ಎಲ್ಲೇ ನಡೆದಿರಲಿ, ಅರ್ಜಿದಾರರು ತಮ್ಮ ವಾಸಸ್ಥಳದ ನ್ಯಾಯಮಂಡಳಿಯ ಮುಂದೆ ಪರಿಹಾರ ಕೇಳಬಹುದು. ಹೀಗಿರುವಾಗ ದೊಡ್ಡ ಊರಿನ ದೊಡ್ಡ ಹೆಸರನ್ನು ಹುಡುಕಿಕೊಂಡು ಹೋಗುವವರು ಸಾಮಾನ್ಯವಾಗಿ ಪಡೆಯುವುದು ಆ ಹೆಸರಿನ ಲೆಟರ್‌ಹೆಡ್ಡನ್ನು ಮಾತ್ರ. ಕೇಸು ಕರೆದಾಗ ಎದ್ದು ನಿಲ್ಲುವವರು ಅವರ ಕಿರಿಯರು, ಅವರೂ ಬಾರದಿದ್ದರೆ ಆ ಕ್ಷಣಕ್ಕೆ ಸಿಕ್ಕ ಮತ್ತೊಬ್ಬರು; “ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ, ಸಮಯ ಕೊಡಬೇಕು” ಎಂಬ ಒಂದೇ ಸಾಲನ್ನು ನಾನು ಆದೇಶ ಹಾಳೆಗಳಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಪ್ರತಿದಿನ ಅದೇ ಆವರಣದಲ್ಲಿರುವ ವಕೀಲರಿಗೆ ಮಾತ್ರ ಆಗುವ ಕೆಲಸಗಳು ಸಣ್ಣವು, ಆದರೆ ಕೇಸು ನಿಲ್ಲುವುದು ಅವುಗಳ ಮೇಲೆ. ಸಮನ್ಸ್ ಜಾರಿಯಾಗದೆ ವಾಪಸಾದರೆ ಅಂದೇ ಹೊಸ ವಿಳಾಸದ ಮೆಮೊ ಹಾಕುವುದು, ದೃಢೀಕೃತ ನಕಲಿಗೆ ಸಲ್ಲಿಸಿದ ಅರ್ಜಿಯ ಬೆನ್ನು ಹತ್ತುವುದು, ಸರ್ವೆ ಕಚೇರಿಯಿಂದ ಬರಬೇಕಾದ ನಕ್ಷೆಯನ್ನು ತರಿಸುವುದು, ಸಾಕ್ಷಿ ಹೇಳಬೇಕಾದ ವೈದ್ಯರಿಗೆ ಯಾವ ದಿನ ಬಿಡುವಿದೆಯೆಂದು ಕೇಳಿ ವಾಯ್ದೆ ಪಡೆಯುವುದು, ಇವೆಲ್ಲ ಆ ಬಗೆಯವು. ಪ್ರತಿವಾದ ಪತ್ರ ಸಲ್ಲಿಸಲು ಸಮನ್ಸ್ ತಲುಪಿದ ದಿನದಿಂದ 30 ದಿನ, ಕಾರಣ ಒಪ್ಪಿಗೆಯಾದರೆ 90 ದಿನದವರೆಗೆ ಎಂಬುದು ಸಾಮಾನ್ಯ ನಿಯಮ. ಆ ಅವಧಿ ಕಣ್ಣೆದುರೇ ಜಾರಿಹೋಗಿ ಏಕಪಕ್ಷೀಯ ಆದೇಶವಾದ ಕಡತಗಳು ಯಾವ ಕಚೇರಿಯಲ್ಲೂ ಕಡಮೆಯಿಲ್ಲ. ಈಗ ವಿಡಿಯೊ ಮೂಲಕ ಹಾಜರಾಗುವ ಸೌಲಭ್ಯ ಬಂದಿದೆ, ಇ-ಫೈಲಿಂಗ್ ಬಂದಿದೆ, ದೂರದ ವಕೀಲರ ತೊಂದರೆ ಸ್ವಲ್ಪ ತಗ್ಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ತೆರೆಯ ಮೇಲೆ ವಾದ ಮಂಡಿಸಬಹುದು. ಸರ್ವೆ ಕಚೇರಿಯ ಕಡತ ತೆರೆಯ ಮೇಲೆ ಮುಂದಕ್ಕೆ ಹೋಗುವುದಿಲ್ಲ.

ಸ್ಥಳೀಯತೆಗೂ ಅದರದೇ ದೋಷಗಳಿವೆ. ಚಿಕ್ಕ ನ್ಯಾಯಾಲಯಗಳಲ್ಲಿ ವಕೀಲರೆಲ್ಲ ಒಬ್ಬರಿಗೊಬ್ಬರು ಪರಿಚಿತರು. ಈಗತಾನೇ ಪಾಟೀಸವಾಲಿನಲ್ಲಿ ಕೂಗಾಡಿದವರು ಹೊರಗೆ ಬಂದು ನಗುನಗುತ್ತ ಮಾತಾಡುವುದನ್ನು ಕಂಡು, “ನಮ್ಮ ವಕೀಲರು ಎದುರು ಪಾರ್ಟಿ ಜೊತೆ ಸೇರಿಕೊಂಡಿದ್ದಾರೆ” ಎಂದು ಕಚೇರಿಗೆ ಬಂದು ಗೋಳಾಡಿದವರನ್ನು ಬಹಳ ನೋಡಿದ್ದೇನೆ. ನನ್ನ ಅನುಭವದಲ್ಲಿ ಆ ಅನುಮಾನ ಬಹುತೇಕ ಸಲ ಬುಡವಿಲ್ಲದ್ದು. ಆದರೆ ಕೇಳಲೇಬೇಕಾದ ಪ್ರಶ್ನೆಯೊಂದು ಇದೆ: “ಎದುರು ಕಡೆಯವರಿಗೆ ನೀವು ಎಂದಾದರೂ ಸಲಹೆ ಕೊಟ್ಟಿದ್ದೀರಾ, ಈ ವಿಚಾರವಾಗಿ ಅವರ ಕಾಗದಪತ್ರ ಬರೆದುಕೊಟ್ಟಿದ್ದೀರಾ?” ಒಂದು ವ್ಯಾಜ್ಯದಲ್ಲಿ ಒಬ್ಬ ಕಕ್ಷಿದಾರರಿಗೆ ಸಲಹೆ ಕೊಟ್ಟ ಅಥವಾ ವಾದಪತ್ರ ಸಿದ್ಧಪಡಿಸಿದ ವಕೀಲರು ಅದೇ ವ್ಯಾಜ್ಯದಲ್ಲಿ ಎದುರು ಕಡೆಗೆ ನಿಲ್ಲಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಅಣ್ಣತಮ್ಮಂದಿರ ಪಾಲಿನ ದಾವೆಯಲ್ಲಿ ಈ ಪ್ರಶ್ನೆ ಬಹಳ ಮುಖ್ಯ, ಏಕೆಂದರೆ ತಂದೆಯ ಕಾಲದಿಂದಲೂ “ಮನೆಯ ವಕೀಲರು” ಎನಿಸಿಕೊಂಡವರು ಒಬ್ಬ ಮಗನ ವಕೀಲರಾದ ದಿನ ಉಳಿದ ಮಕ್ಕಳ ಗುಟ್ಟೆಲ್ಲ ಅವರಿಗೆ ಗೊತ್ತಿರುತ್ತದೆ.

ಸಂಸಾರದ ವ್ಯಾಜ್ಯದಲ್ಲಿ ವಕೀಲರ ಕಾನೂನು ಜ್ಞಾನಕ್ಕಿಂತ ಅವರ ಸ್ವಭಾವವನ್ನು ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ರಾಜಿಗೆ ಪ್ರಯತ್ನಿಸುವುದನ್ನು ನ್ಯಾಯಾಲಯದ ಕರ್ತವ್ಯವೆಂದೇ ಹೇಳಿದೆ. ಅದರ 13ನೇ ಕಲಮಿನ ಪ್ರಕಾರ ವಕೀಲರ ಮೂಲಕವೇ ಪ್ರತಿನಿಧಿಸಿಕೊಳ್ಳುವುದು ಅಲ್ಲಿ ಯಾರ ಹಕ್ಕೂ ಅಲ್ಲ, ನ್ಯಾಯಾಲಯದ ಅನುಮತಿ ಬೇಕು ಎಂಬುದು ಅನೇಕರಿಗೆ ತಿಳಿದಿಲ್ಲ. ರೂಢಿಯಲ್ಲಿ ಅನುಮತಿ ಸುಲಭವಾಗಿ ದೊರೆಯುತ್ತದೆ. ಮೊದಲ ಭೇಟಿಯಲ್ಲೇ ಸಂಬಳದ ಚೀಟಿ, ಬ್ಯಾಂಕ್ ವಿವರ, ಮಕ್ಕಳ ಶಾಲೆಯ ಖರ್ಚು, ಸಾಲದ ಕಂತು ಇವುಗಳನ್ನು ಕೇಳುವ ವಕೀಲರು ಕೆಲಸ ಬಲ್ಲವರು. ಜೀವನಾಂಶದ ಪ್ರಕರಣಗಳಲ್ಲಿ ಗಂಡಹೆಂಡಿರಿಬ್ಬರೂ ಆಸ್ತಿ, ಆದಾಯ, ಸಾಲಗಳ ವಿವರವುಳ್ಳ ಪ್ರಮಾಣಪತ್ರ ಸಲ್ಲಿಸಬೇಕೆಂದೂ, ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದಲೇ ಕೊಡಿಸಬೇಕೆಂದೂ ಸುಪ್ರೀಂ ಕೋರ್ಟ್ 2020ರಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ನಿರ್ದೇಶಿಸಿದೆ. ಆದ್ದರಿಂದ ಅರ್ಜಿ ಒಂದು ತಿಂಗಳು ತಡವಾದರೆ ಒಂದು ತಿಂಗಳ ಜೀವನಾಂಶ ಕೈತಪ್ಪಿದಂತೆಯೇ. ಇದಕ್ಕೆ ಬದಲಾಗಿ ಮಾತಿನ ಆರಂಭಕ್ಕೇ “ಎಷ್ಟು ಕೇಸು ಹಾಕೋಣ?” ಎಂದು ಕೇಳುವವರೂ ಇದ್ದಾರೆ. ನಿಜವಾದ ಹಿಂಸೆ ನಡೆದಿರುವಲ್ಲಿ ಕ್ರಿಮಿನಲ್ ದೂರು ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎದುರಿನವರನ್ನು ಬಗ್ಗಿಸಲೆಂದೇ ಒಂದರ ಹಿಂದೊಂದು ಹೂಡಿದ ಪ್ರಕರಣಗಳು ಇಬ್ಬರ ವಯಸ್ಸನ್ನೂ ನುಂಗುತ್ತವೆ, ಮತ್ತು ಒಂದು ವಾಯ್ದೆಯ ಬದಲು ತಿಂಗಳಿಗೆ ನಾಲ್ಕು ವಾಯ್ದೆಗಳಿಗೆ ದಂಡ ತೆರುವವರು ಅವೇ ಇಬ್ಬರು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕಿರುವ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಸಂದರ್ಭದಲ್ಲಿ ನ್ಯಾಯಾಲಯ ಬಿಟ್ಟುಕೊಡಬಹುದೆಂದು 2017ರಲ್ಲೇ ತೀರ್ಪಾಗಿದೆ. ಅದನ್ನು ಹೇಳದೆ ವಾಯ್ದೆ ಎಳೆಯುವವರ ಬಗ್ಗೆ ಎಚ್ಚರವಿರಲಿ.

ಅಪಘಾತದ ಪ್ರಕರಣಗಳ ವಿಚಾರ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚು ಮೋಸ ನಡೆಯುವುದು ಇಲ್ಲಿ. ಬರುವ ಪರಿಹಾರದಲ್ಲಿ ಶೇಕಡಾ ಇಷ್ಟು ಎಂದು ಶುಲ್ಕ ಗೊತ್ತುಮಾಡುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ: ವ್ಯಾಜ್ಯದ ಫಲವನ್ನು ಅವಲಂಬಿಸಿದ ಶುಲ್ಕವನ್ನು ವಕೀಲರು ಕರಾರು ಮಾಡಿಕೊಳ್ಳುವಂತಿಲ್ಲ, ಬಂದ ಹಣದಲ್ಲಿ ಪಾಲು ಪಡೆಯಲು ಒಪ್ಪುವಂತಿಲ್ಲ. ಆದರೂ ಅದು ನಡೆಯುತ್ತದೆ, ಎಲ್ಲರಿಗೂ ಗೊತ್ತಿದ್ದೇ ನಡೆಯುತ್ತದೆ. “ಕೈಯಲ್ಲಿ ಕಾಸಿಲ್ಲದ ಬಡವರ ಕೇಸನ್ನು ಹೀಗಲ್ಲದೆ ಇನ್ನು ಹೇಗೆ ನಡೆಸುವುದು?” ಎಂದು ಪ್ರಾಮಾಣಿಕ ವಕೀಲರೇ ನನ್ನನ್ನು ಕೇಳಿದ್ದಾರೆ, ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಆದರೆ ಪಾಲಿನ ಕರಾರು ವಕೀಲರ ಹಿತವನ್ನು ಕಕ್ಷಿದಾರರ ಹಿತದಿಂದ ಬೇರೆ ಮಾಡುತ್ತದೆ. ಇಂದೇ ಲೋಕ ಅದಾಲತ್ತಿನಲ್ಲಿ ಕಡಮೆ ಮೊತ್ತಕ್ಕೆ ಮುಗಿದರೆ ವಕೀಲರ ಪಾಲು ಇಂದೇ ಬರುತ್ತದೆ. ಇನ್ನೊಂದು ವರ್ಷ ಸಾಕ್ಷ್ಯ ನಡೆಸಿದರೆ ಕಕ್ಷಿದಾರರಿಗೆ ಬರುವ ಹೆಚ್ಚಳದಲ್ಲಿ ಅವರಿಗೆ ದೊರೆಯುವುದು ಸಣ್ಣ ತುಣುಕು. ಲೋಕ ಅದಾಲತ್ತಿನ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲವೆಂಬುದನ್ನು ಸಹಿ ಹಾಕುವ ಮೊದಲು ಯಾರೂ ಜೋರಾಗಿ ಹೇಳುವುದಿಲ್ಲ.

ವಕೀಲರ ಶ್ರಮ ಎಲ್ಲಿ ಬೆಲೆ ಬಾಳುತ್ತದೆಂಬುದನ್ನು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. 38 ವರ್ಷದ, ಸ್ವಂತ ದುಡಿಮೆಯ ಒಬ್ಬಾತ ಅಪಘಾತದಲ್ಲಿ ತೀರಿಕೊಂಡ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಹೀಗೆ ನಾಲ್ವರು ಅವಲಂಬಿತರು ಎಂದು ಇಟ್ಟುಕೊಳ್ಳಿ. 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳ ಪ್ರಕಾರ ವಾರ್ಷಿಕ ಆದಾಯಕ್ಕೆ ಭವಿಷ್ಯದ ಹೆಚ್ಚಳವಾಗಿ ಶೇಕಡಾ 40 ಸೇರಿಸಿ, ಅವನ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಭಾಗ ಕಳೆದು, ವಯಸ್ಸಿಗೆ ತಕ್ಕ ಗುಣಕವಾದ 15ರಿಂದ ಗುಣಿಸಬೇಕು. ತಿಂಗಳಿಗೆ 18,000 ರೂಪಾಯಿ ಆದಾಯ ರುಜುವಾತಾದರೆ ಅವಲಂಬನೆಯ ನಷ್ಟ 34,02,000 ರೂಪಾಯಿ. ಆದಾಯಕ್ಕೆ ಪುರಾವೆಯಿಲ್ಲವೆಂದು ನ್ಯಾಯಮಂಡಳಿ ಅಂದಾಜಿಗೆ 12,000 ಹಿಡಿದರೆ 22,68,000. ನಡುವಿನ 11,34,000 ರೂಪಾಯಿಗಳ ಅಂತರ ನಿಂತಿರುವುದು ಪಾಸ್‌ಪುಸ್ತಕದ ನಮೂದುಗಳು, ಕೆಲಸ ಕೊಟ್ಟವರ ಸಾಕ್ಷ್ಯ, ಪರವಾನಗಿ, ತೆರಿಗೆಯ ಕಾಗದ ಇವುಗಳನ್ನು ಯಾರಾದರೂ ಹುಡುಕಿ ತಂದು ಸಾಕ್ಷ್ಯವಾಗಿ ಗುರುತು ಮಾಡಿಸಿದರೋ ಇಲ್ಲವೋ ಎಂಬುದರ ಮೇಲೆ. ಗಾಯಗೊಂಡವರ ವಿಷಯದಲ್ಲೂ ಹೀಗೆಯೇ. ವೈದ್ಯರು ಬರೆದುಕೊಟ್ಟ ಅಂಗವೈಕಲ್ಯದ ಶೇಕಡಾವಾರೇ ದುಡಿಮೆಯ ನಷ್ಟದ ಶೇಕಡಾವಾರು ಅಲ್ಲವೆಂದು 2010ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು ಹೇಳಿದೆ. ಕಾಲು ಕಳೆದುಕೊಂಡ ಚಾಲಕನಿಗೂ ಮೇಜಿನ ಕೆಲಸದವನಿಗೂ ನಷ್ಟ ಒಂದೇ ಅಲ್ಲ. ಅದನ್ನು ಸಾಕ್ಷ್ಯದಲ್ಲಿ ತರದಿದ್ದರೆ ತೀರ್ಪಿನಲ್ಲಿ ಬರುವುದಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಅರ್ಜಿ ಸಲ್ಲಿಸಲು ಅಪಘಾತದಿಂದ ಆರು ತಿಂಗಳ ಗಡುವನ್ನು ಬರೆದಿರುವುದರಿಂದ, ಹಿಂದಿನ ಕಾಲದಂತೆ “ಕ್ರಿಯಾಕರ್ಮವೆಲ್ಲ ಮುಗಿಯಲಿ, ಮುಂದಿನ ವರ್ಷ ನೋಡೋಣ” ಎನ್ನುವುದು ಸಲ್ಲ. ಡಿಕ್ಕಿ ಹೊಡೆದ ವಾಹನ ಪತ್ತೆಯೇ ಆಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಯೋಜನೆ ಇದೆ. ಅದಕ್ಕೆ ದಾವೆಯೇ ಬೇಕಿಲ್ಲ.

ಆಸ್ತಿಯ ವಿಚಾರಕ್ಕೆ ಬಂದರೆ ನಮ್ಮವರು ಮಾಡುವ ತಪ್ಪು ತಿರುವುಮುರುವಾದದ್ದು. ವಕೀಲರ ಬಳಿಗೆ ಬೇಗ ಹೋಗುವುದಿಲ್ಲ. ಬಹಳ ತಡವಾಗಿ ಹೋಗುತ್ತಾರೆ. ಉಪನೋಂದಣಿ ಕಚೇರಿಯ ಮುಂದಿನ ಪತ್ರ ಬರಹಗಾರರು ಹಕ್ಕು ಬಿಡುಗಡೆ ಪತ್ರವನ್ನೂ ಮರಣಶಾಸನವನ್ನೂ ಒಂದೇ ನಮೂನೆಯಲ್ಲಿ ಬರೆದುಕೊಡುತ್ತಾರೆ, ಹೆಣ್ಣುಮಕ್ಕಳು ಎಲ್ಲಿ ತೋರಿಸಿದರೆ ಅಲ್ಲಿ ಸಹಿ ಹಾಕುತ್ತಾರೆ. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಯಲ್ಲಿದೆ; ಆ ದಿನಕ್ಕೆ ತಂದೆ ಬದುಕಿರಬೇಕೆಂಬ ಷರತ್ತು ಇಲ್ಲವೆಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಾಗಿದೆ. ಹೀಗಿದ್ದೂ “ಮದುವೆಯಾಗಿ ಹೋದವಳಿಗೆ ಏನು ಪಾಲು” ಎಂಬ ಮಾತನ್ನು ನಂಬಿ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದವರು ಐದಾರು ವರ್ಷದ ಮೇಲೆ ಅದನ್ನು ರದ್ದುಪಡಿಸಲು ಬರುತ್ತಾರೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ, ಪೌತಿ ಖಾತೆಯಾದ ಮಾತ್ರಕ್ಕೆ ಮಾಲೀಕತ್ವ ಸ್ಥಾಪಿತವಾಗುವುದಿಲ್ಲ. ಬ್ಯಾಂಕಿನ ಠೇವಣಿಗೆ ನಾಮನಿರ್ದೇಶಿತರಾದವರು ಹಣವನ್ನು ಪಡೆಯಬಹುದು, ಆದರೆ ಉಳಿದ ವಾರಸುದಾರರ ಹಕ್ಕು ಅದರಿಂದ ಅಳಿಯುವುದಿಲ್ಲ. ಮರಣಶಾಸನಕ್ಕೆ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಕಡ್ಡಾಯವಲ್ಲ; ಆದರೆ ತಕರಾರು ಬಂದ ದಿನ ಆ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಬೇಕಾಗುತ್ತದೆ. ಎಂಬತ್ತು ದಾಟಿದವರ ಮರಣಶಾಸನಕ್ಕೆ ಎಂಬತ್ತು ದಾಟಿದ ಗೆಳೆಯರಿಬ್ಬರನ್ನು ಸಾಕ್ಷಿ ಹಾಕಿಸಿದ ಪತ್ರಗಳನ್ನು ನಾನು ನೋಡಿದ್ದೇನೆ. ಅರ್ಧ ಗಂಟೆ ವಕೀಲರೊಡನೆ ಕುಳಿತಿದ್ದರೆ ಆ ತಪ್ಪು ಆಗುತ್ತಿರಲಿಲ್ಲ.

ಪಾಲಿನ ದಾವೆ ಹೂಡಿದವರು ಇನ್ನೊಂದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಅಂಥ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಅಂದರೆ ಯಾರಿಗೆ ಎಷ್ಟು ಅಂಶ ಎಂಬ ಘೋಷಣೆ. ಜಮೀನನ್ನು ಅಳೆದು ಹದ್ದುಬಸ್ತು ಮಾಡಿ ಸ್ವಾಧೀನ ಕೊಡಿಸುವುದು ಅಂತಿಮ ಡಿಕ್ರಿಯ ಹಂತ. ಪ್ರಾಥಮಿಕ ಡಿಕ್ರಿಯ ದಿನವೇ ಕೇಸು ಗೆದ್ದೆವೆಂದು ಮನೆಗೆ ಹೋಗಿ, ಏಳೆಂಟು ವರ್ಷ ಕಳೆದ ಮೇಲೆ “ಪಾಲು ಇನ್ನೂ ಬರಲಿಲ್ಲವಲ್ಲ” ಎಂದು ಕಿಟಕಿಗೆ ಬಂದವರು ಉಂಟು. ವಕೀಲರು ಶುಲ್ಕ ಹೇಳುವಾಗ ಅದು ಎಲ್ಲಿಯವರೆಗಿನ ಕೆಲಸಕ್ಕೆ ಎಂಬುದನ್ನು ಕೇಳದಿದ್ದರ ಫಲ ಇದು.

ಶುಲ್ಕದ ಮಾತು ಬಂದಿದ್ದರಿಂದ ನನ್ನದೇ ಮೂರ್ಖತನವನ್ನೂ ಹೇಳಿಬಿಡುತ್ತೇನೆ. ತಂಗಿಯ ಗಂಡ ತೀರಿಕೊಂಡ ಮೇಲೆ ಅವನ ಪಾಲಿಗಾಗಿ ಆಕೆ ದಾವೆ ಹೂಡಬೇಕಾಯಿತು. ಪರಿಚಯದ ವಕೀಲರೊಬ್ಬರನ್ನು ನಾನೇ ಗೊತ್ತುಮಾಡಿದೆ. ದಿನವೂ ಮುಖ ನೋಡುವವರು, ವಯಸ್ಸಿನಲ್ಲಿ ಹಿರಿಯರು. ದಾಕ್ಷಿಣ್ಯಕ್ಕೆ ಬಿದ್ದು ಶುಲ್ಕ ಎಷ್ಟೆಂದು ಕೇಳಲಿಲ್ಲ, ಅವರೂ ಹೇಳಲಿಲ್ಲ, “ನೋಡೋಣ ಬಿಡಿ” ಎಂದರು. ನಾಲ್ಕು ವರ್ಷ ಆಗಾಗ ಕೊಟ್ಟ ಹಣಕ್ಕೆ ರಸೀದಿಯಿಲ್ಲ. ಮನಸ್ತಾಪವಾಗಿ ಬೇರೆ ವಕೀಲರನ್ನು ಇಡೋಣವೆಂದಾಗ, ಬಾಕಿ ಕೊಡುವವರೆಗೂ ಕಡತ ಕೊಡುವುದಿಲ್ಲವೆಂದರು. ಅದರೊಳಗೆ ತಂಗಿಯ ಮೂಲ ವಿಭಾಗ ಪತ್ರವಿತ್ತು. ಶುಲ್ಕದ ಬಾಕಿಗಾಗಿ ಕಕ್ಷಿದಾರರ ಕಾಗದಪತ್ರಗಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಆರ್. ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ, ನ್ಯಾಯಾಲಯದ ಸಿಬ್ಬಂದಿಯಾದ ನಾನು ಆರು ತಿಂಗಳು ಅವರ ಕಚೇರಿಯ ಬಾಗಿಲು ತಟ್ಟಿದೆ. ಇನ್ನು ಓದುಬರಹ ಕಡಮೆಯಿರುವ ಒಬ್ಬ ರೈತ ಏನು ಮಾಡಿಯಾನು?

ಆದ್ದರಿಂದ ದಾಕ್ಷಿಣ್ಯ ಬಿಟ್ಟು ಮೊದಲ ದಿನವೇ ಕೇಳಬೇಕಾದುದನ್ನು ಕೇಳಬೇಕು. ಒಟ್ಟು ಶುಲ್ಕ ಎಷ್ಟು, ಯಾವ ಹಂತದಲ್ಲಿ ಎಷ್ಟು, ನ್ಯಾಯಾಲಯ ಶುಲ್ಕ ಮತ್ತು ನಕಲಿನ ಖರ್ಚು ಅದರಲ್ಲಿ ಸೇರಿದೆಯೇ, ಮೇಲ್ಮನವಿಗೆ ಬೇರೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿದರೆ ಅದರಿಂದ ವಕೀಲರ ಗೌರವಕ್ಕೆ ಕುಂದಿಲ್ಲ. ಒಳ್ಳೆಯ ವಕೀಲರು ಅದನ್ನು ತಾವಾಗಿಯೇ ಕೊಡುತ್ತಾರೆ. ಮೂಲ ದಾಖಲೆಗಳನ್ನು ಕೊಡುವಾಗ ಪಟ್ಟಿ ಮಾಡಿ ಸ್ವೀಕೃತಿ ಪಡೆಯಬೇಕು. ಖಾಲಿ ಹಾಳೆಗೂ, ಕೇಸಿನ ಶೀರ್ಷಿಕೆ ಬರೆಯದ ವಕಾಲತ್ತಿಗೂ ಸಹಿ ಹಾಕಕೂಡದು. ನಮ್ಮಲ್ಲಿ ಚಾಲ್ತಿಯಲ್ಲಿರುವ ವಕಾಲತ್ತಿನ ಅಚ್ಚು ನಮೂನೆಯಲ್ಲಿ ರಾಜಿ ಮಾಡಿಕೊಳ್ಳುವ, ಹಣ ಪಡೆಯುವ ಅಧಿಕಾರವನ್ನೂ ವಕೀಲರಿಗೆ ಕೊಡುವ ಸಾಲುಗಳು ಸಣ್ಣ ಅಕ್ಷರದಲ್ಲಿ ಇರುತ್ತವೆ. ಬೇಡವೆನಿಸಿದರೆ ಆ ಸಾಲನ್ನು ಹೊಡೆದುಹಾಕಿಸಿ ಪಕ್ಕದಲ್ಲಿ ಸಹಿ ಹಾಕಬಹುದು. ಹಾಗೆ ಮಾಡಿದವರನ್ನು ನನ್ನ ಸೇವಾವಧಿಯಲ್ಲಿ ಬೆರಳೆಣಿಕೆಯಷ್ಟು ಮಂದಿಯನ್ನೂ ನೋಡಲಿಲ್ಲ.

ವಕೀಲರನ್ನು ಆರಿಸುವ ನನ್ನ ವಿಧಾನ ಬಹಳ ಸರಳ. ನ್ಯಾಯಾಲಯದ ಬಾಗಿಲು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ. ಸಂಸಾರದ ವ್ಯಾಜ್ಯಗಳನ್ನು ಮಾತ್ರ ಗೋಪ್ಯವಾಗಿ ನಡೆಸುವುದುಂಟು. ಅರ್ಧ ದಿನ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದರೆ ಯಾರು ಕಡತ ಓದಿಕೊಂಡು ಬಂದಿದ್ದಾರೆ, ಯಾರು ಸಾಕ್ಷಿಯ ಮುಂದೆ ನಿಂತು ಪುಟ ತಿರುವುತ್ತಿದ್ದಾರೆ ಎಂಬುದು ಕಾನೂನು ತಿಳಿಯದವರಿಗೂ ಕಾಣುತ್ತದೆ. ದೊಡ್ಡ ದನಿ ಯೋಗ್ಯತೆಯ ಗುರುತಲ್ಲ. ನಂತರ ಕಚೇರಿಗೆ ಹೋಗಿ ವಿಷಯ ಹೇಳಿದಾಗ, ನಿಮ್ಮ ಕೇಸಿನ ದುರ್ಬಲ ಭಾಗ ಯಾವುದೆಂದು ಮೊದಲು ಹೇಳುವವರನ್ನು ನಂಬಬಹುದು. “ಗೆಲುವು ಗ್ಯಾರಂಟಿ” ಎನ್ನುವವರ ಕಚೇರಿಯಿಂದ ನಮಸ್ಕರಿಸಿ ಹೊರಬರುವುದು ಕ್ಷೇಮ. ಒಮ್ಮೆ ಗೊತ್ತುಮಾಡಿದ ಮೇಲೆ ಅವರಿಂದ ಏನನ್ನೂ ಮುಚ್ಚಿಡಬಾರದು, ತಮಗೆ ಪ್ರತಿಕೂಲವಾದ ಕಾಗದವನ್ನಂತೂ ಮೊದಲೇ ತೋರಿಸಬೇಕು. ಕಕ್ಷಿದಾರರು ವೃತ್ತಿ ಸಂಬಂಧವಾಗಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡದಂತೆ ಸಾಕ್ಷ್ಯ ಕಾನೂನು ವಕೀಲರನ್ನು ತಡೆದಿದೆ.

ಶುಲ್ಕ ಕೊಡಲಾರದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರು ದೊರೆಯುತ್ತಾರೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು ಇವರಿಗೆ ಆದಾಯದ ಮಿತಿಯೇ ಇಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, 15100ಕ್ಕೆ ಕರೆ ಮಾಡಿಯೂ ಕೇಳಬಹುದು. ಉಚಿತ ವಕೀಲರೆಂದರೆ ಎರಡನೇ ದರ್ಜೆಯವರೆಂಬ ಭಾವನೆ ಜನರಲ್ಲಿದೆ. ಅದರಲ್ಲಿ ಸ್ವಲ್ಪ ನಿಜವಿದೆ, ಬಹಳಷ್ಟು ಪೂರ್ವಗ್ರಹವಿದೆ. ಮೇಲೆ ಹೇಳಿದ ಹೆಣ್ಣುಮಗಳ ಅರ್ಜಿಯನ್ನು ಕಡತಕ್ಕೆ ಮರಳಿ ತಂದ ಕಿರಿಯ ವಕೀಲೆ ಆ ಸಮಿತಿಯಿಂದಲೇ ಬಂದವರು.

ವಕೀಲರನ್ನು ಬದಲಿಸುವ ಹಕ್ಕು ಕಕ್ಷಿದಾರರಿಗೆ ಸದಾ ಇದೆ. ಹಿಂದಿನವರ ಒಪ್ಪಿಗೆ ಬೇಕು, ಅವರು ಕೊಡದಿದ್ದರೆ ನ್ಯಾಯಾಲಯದ ಅನುಮತಿ ಪಡೆಯಬಹುದು. ವೃತ್ತಿ ದುರ್ನಡತೆಗೆ 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿದೆ. ಆ ತೀರ್ಪಿನ ತರ್ಕ ಏನೇ ಇರಲಿ, ಒಂದು ಬಾಗಿಲು ಮುಚ್ಚಿದಾಗ ಉಳಿದ ಬಾಗಿಲು ಎಲ್ಲಿದೆಯೆಂದು ಜನರಿಗೆ ತೋರಿಸುವ ಹೊಣೆ ವಕೀಲರ ಪರಿಷತ್ತಿನದು ಎಂದು ನನಗನಿಸುತ್ತದೆ.

ಕಡೆಯದಾಗಿ, ಈ ಪತ್ರದ ಮೂಲಕ ಸಂಬಂಧಪಟ್ಟವರಲ್ಲಿ ಕೆಲವು ಕೋರಿಕೆಗಳನ್ನು ಮುಂದಿಡುತ್ತೇನೆ. ಉಚಿತ ಕಾನೂನು ನೆರವು, ಶೇಕಡಾವಾರು ಶುಲ್ಕದ ನಿಷೇಧ, ದೂರು ಕೊಡಬೇಕಾದ ವಿಳಾಸ ಇವುಗಳನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದ ಫಲಕವೊಂದು ಪ್ರತಿ ನ್ಯಾಯಾಲಯದ ಆವರಣದಲ್ಲೂ, ಸರ್ಕಾರಿ ಆಸ್ಪತ್ರೆಗಳ ಶವಾಗಾರದ ಬಳಿಯೂ ಇರಲಿ; ಮಧ್ಯವರ್ತಿಗಳು ನಿಲ್ಲುವ ಜಾಗ ಅದೇ. ವಕೀಲರ ಸಂಘಗಳು ಶುಲ್ಕ ಪತ್ರದ ಒಂದು ಮಾದರಿಯನ್ನು ಅಚ್ಚು ಹಾಕಿಸಿ ಸದಸ್ಯರಿಗೆ ಹಂಚಲಿ. ಪ್ರತಿ ಪ್ರಕರಣಕ್ಕೂ 16 ಅಕ್ಷರ ಮತ್ತು ಅಂಕಿಗಳ ಒಂದು ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ವಾಯ್ದೆಯೂ ಹಿಂದಿನ ಆದೇಶಗಳೂ ಮನೆಯಲ್ಲೇ ಕಾಣುತ್ತವೆ. ಆ ಸಂಖ್ಯೆಯನ್ನು ದಾಖಲಾದ ದಿನವೇ ಕಕ್ಷಿದಾರರ ಕೈಗೆ ಒಂದು ಚೀಟಿಯಲ್ಲಿ ಕೊಡುವ ಕ್ರಮ ಕಡ್ಡಾಯವಾಗಲಿ. ಹಾಗೆಯೇ, ಕೇಸು ದಾಖಲು ಮಾಡುವಾಗ ಕಕ್ಷಿದಾರರ ಮೊಬೈಲ್ ಸಂಖ್ಯೆ ಬರೆಯಬೇಕಾದ ಜಾಗದಲ್ಲಿ ವಕೀಲರ ಗುಮಾಸ್ತರ ಸಂಖ್ಯೆಯನ್ನು ತುಂಬುವುದನ್ನು ನಾನು ನೂರಾರು ಸಲ ಕಂಡಿದ್ದೇನೆ, ಕಂಡೂ ಸುಮ್ಮನೆ ಮೊಹರು ಒತ್ತಿದ್ದೇನೆ. ವಾಯ್ದೆಯ ಸಂದೇಶ ಯಾರ ಕೇಸೋ ಅವರ ಫೋನಿಗೇ ಹೋಗುವಂತೆ, ಆ ಒಂದು ಸಾಲನ್ನು ಕಕ್ಷಿದಾರರನ್ನೇ ಕೇಳಿ ತುಂಬಬೇಕೆಂದು ಕಚೇರಿಗಳಿಗೆ ಸೂಚನೆ ಹೊರಡಲಿ.

ತಮ್ಮ ವಿಶ್ವಾಸಿ,
ನಿವೃತ್ತ ಶಿರಸ್ತೇದಾರ